ಹಳೇ ವಿಮಾನ ನಿಲ್ದಾಣದ ಜಾಗದಲ್ಲಿ ಮಗ ಮನೆ ತಗೊಳ್ತಿದ್ದಾನೆ, ಹೆದರಬೇಕಾ?

ಪ್ರಶ್ನೆ: ನಾನು ತಿಪಟೂರಿನವಳು, ನಿವೃತ್ತ ಹೈಸ್ಕೂಲ್ ಟೀಚರ್. ಮಗ ಒಂಬತ್ತು ವರ್ಷದಿಂದ ಅಮೆರಿಕದ ಡೆನ್ವರ್‌ನಲ್ಲಿದ್ದಾನೆ. ಈಗ ಸೆಂಟ್ರಲ್ ಪಾರ್ಕ್ ಅನ್ನುವ ಬಡಾವಣೆಯಲ್ಲಿ ಮನೆ ನೋಡಿದ್ದಾನೆ. ಹಿತ್ತಲೂ ಇದೆ. ಆದರೆ ಆ ಜಾಗದಲ್ಲಿ ಮೊದಲು ದೊಡ್ಡ ವಿಮಾನ ನಿಲ್ದಾಣ ಇತ್ತಂತೆ. ನೆಲದೊಳಗೆ ಎಣ್ಣೆ ಇಳಿದಿರುತ್ತೆ, ಪಕ್ಕದಲ್ಲೇ ವಿಷಾನಿಲ ಮಾಡುತ್ತಿದ್ದ ಮಿಲಿಟರಿ ಕಾರ್ಖಾನೆ ಇತ್ತು, ವಿಮಾನ ಬಿದ್ದು ಜನ ಸತ್ತಿದ್ದಾರೆ ಅಂತೆಲ್ಲ ಸಂಬಂಧಿಕರೊಬ್ಬರು ಹೇಳಿದರು. ಮೊಮ್ಮಗಳಿಗೆ ಮೂರು ವರ್ಷ, ದಿನವಿಡೀ ಮಣ್ಣಲ್ಲೇ ಆಡುತ್ತಾಳೆ. ನಾನು ಹೋದಾಗ ಹಿತ್ತಲಲ್ಲಿ ಸೊಪ್ಪು ಹಾಕಬೇಕು ಅಂತ ಆಸೆ. ನಮ್ಮ ಎಚ್‌ಎಎಲ್ ನಿಲ್ದಾಣವನ್ನು ಮತ್ತೆ ತೆರೆಯಿರಿ ಅಂತ ಕೇಳುತ್ತಾರಲ್ಲ, ಹಾಗೆ ಅದನ್ನೂ ತೆರೆದುಬಿಟ್ಟರೆ? ಮಗ ‘ಏನೂ ಆಗಲ್ಲಮ್ಮ’ ಅಂತಾನೆ. ನನಗೆ ನಿದ್ದೆ ಬರುತ್ತಿಲ್ಲ.

ಉತ್ತರ:

ಮೇಡಂ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಣ್ಣಲ್ಲಿ ಆಡುವ ಮಗು ಇರುವ ಮನೆಗೆ ಕೇಳಬೇಕಾದ ಪ್ರಶ್ನೆಯನ್ನೇ ನೀವು ಕೇಳಿದ್ದೀರಿ. ನಾವು ಸೈಟು ತಗೊಳ್ಳುವಾಗ ಇ.ಸಿ. ತೆಗೆಸುತ್ತೇವೆ, ಮೂಲಪತ್ರ ನೋಡುತ್ತೇವೆ, ಖಾತಾ ಯಾರ ಹೆಸರಲ್ಲಿದೆ ಅಂತ ವಿಚಾರಿಸುತ್ತೇವೆ. ಈ ನೆಲದಲ್ಲಿ ಮೊದಲು ಏನಿತ್ತು ಅಂತ ಮಾತ್ರ ಬಹಳ ಜನ ಕೇಳುವುದಿಲ್ಲ. ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಹಳೇ ಪೆಟ್ರೋಲ್ ಬಂಕು, ಗೋದಾಮು, ಕಾರ್ಖಾನೆ ಜಾಗಗಳಲ್ಲಿ ಬೋರು ಕೊರೆದು ಮಣ್ಣು, ನೀರು ಪರೀಕ್ಷೆ ಮಾಡಿಸುವ ಕೆಲಸದಲ್ಲಿದ್ದೇನೆ. ಮನೆ ಕಟ್ಟಿದ ಮೇಲೆ ಈ ಪ್ರಶ್ನೆ ಕೇಳಿದವರನ್ನೇ ಜಾಸ್ತಿ ನೋಡಿದ್ದೇನೆ. ನೀವು ಮೊದಲೇ ಕೇಳಿದಿರಿ.

ನಿಮ್ಮ ಮಗ ನೋಡಿರುವ ಬಡಾವಣೆಯ ಹಳೇ ಹೆಸರು ಸ್ಟೇಪಲ್‌ಟನ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1929ರ ಅಕ್ಟೋಬರ್ 17ರಂದು ಅಲ್ಲಿ ಡೆನ್ವರ್‌ನ ಮುನ್ಸಿಪಲ್ ವಿಮಾನ ನಿಲ್ದಾಣ ಶುರುವಾಯಿತು. ಊರಿಂದ ಇಷ್ಟು ದೂರ ಯಾಕೆ ಅಂತ ಆಗ ಜನ ಮೇಯರ್ ಬೆಂಜಮಿನ್ ಸ್ಟೇಪಲ್‌ಟನ್ ಅವರನ್ನು ಟೀಕೆ ಮಾಡಿದ್ದರು. 1944ರಲ್ಲಿ ನಿಲ್ದಾಣಕ್ಕೆ ಅವರದೇ ಹೆಸರಿಟ್ಟರು. ಆಮೇಲೆ ಊರು ಬೆಳೆದು ಬೇಲಿಯ ಪಕ್ಕಕ್ಕೇ ಬಂತು. ಜೆಟ್ ವಿಮಾನಗಳು ಬಂದಾಗ ಉದ್ದದ ರನ್‌ವೇ ಬೇಕಾಯಿತು. ದಕ್ಷಿಣದಲ್ಲಿ ಮನೆಗಳಿದ್ದವು, ಹಾಗಾಗಿ ಉತ್ತರಕ್ಕೆ ಚಾಚಿದರು. ಅಡ್ಡ ಬಂದ ಹೆದ್ದಾರಿಯನ್ನು ರನ್‌ವೇ ಸೇತುವೆಯ ಹಾಗೆ ದಾಟಿತು. ಮೇಲೆ ವಿಮಾನ, ಕೆಳಗೆ ಕಾರು, ಲಾರಿ.

ಇಷ್ಟು ಮಾಡಿದರೂ ಜಾಗ ಸಾಲಲಿಲ್ಲ. ಅಕ್ಕಪಕ್ಕದ ರನ್‌ವೇಗಳು ತೀರಾ ಹತ್ತಿರ ಇದ್ದವು. ಬಿಸಿಲಿದ್ದರೆ ಎರಡರಲ್ಲೂ ಒಟ್ಟಿಗೆ ವಿಮಾನ ಇಳಿಯಬಹುದಿತ್ತು. ಮೋಡ, ಹಿಮ ಇದ್ದರೆ ಒಂದೇ ಸಾಲು. ಡೆನ್ವರ್ ಹಿಮ ಬೀಳುವ ಊರು. ಅಲ್ಲಿ ವಿಮಾನ ತಡವಾದರೆ ಇಡೀ ಅಮೆರಿಕದಲ್ಲಿ ತಡ. ಇನ್ನೊಂದು ಕಡೆ ಪಾರ್ಕ್ ಹಿಲ್ ಅನ್ನುವ ನೆರೆಯ ಬಡಾವಣೆಯವರು ಶಬ್ದ ತಾಳಲಾರದೆ ಕೋರ್ಟಿಗೆ ಹೋದರು. 1989ರಲ್ಲಿ ಡೆನ್ವರ್ ಮತದಾರರು ಹೊಸ ನಿಲ್ದಾಣಕ್ಕೆ ಒಪ್ಪಿಗೆ ಕೊಟ್ಟರು. ಅಲ್ಲಿನ ಲಗೇಜು ಸಾಗಿಸುವ ಯಂತ್ರ ಕೈಕೊಟ್ಟು 16 ತಿಂಗಳು ತಡವಾಯಿತು. ಕೊನೆಗೆ 1995ರ ಫೆಬ್ರವರಿ 27ರ ರಾತ್ರಿ ಸ್ಟೇಪಲ್‌ಟನ್ ಮುಚ್ಚಿತು. ರಾತ್ರೋರಾತ್ರಿ ಸಾಮಾನೆಲ್ಲ ಸಾಲು ಸಾಲು ಗಾಡಿಗಳಲ್ಲಿ ಹೊಸ ಜಾಗಕ್ಕೆ ಹೋಯಿತು.

ಹಾಗಾಗಿ ಜಾಗ ಹಾಳಾಯಿತು ಅಂತ ನಿಲ್ದಾಣ ಮುಚ್ಚಿದ್ದಲ್ಲ, ಜಾಗ ಸಾಲದೆ ಮುಚ್ಚಿದ್ದು. ಊರಿನ ನಡುಮಧ್ಯದಿಂದ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ 4,700 ಎಕರೆ ಖಾಲಿಯಾಯಿತು. ಏನು ಮಾಡಬೇಕು ಅಂತ ಅಲ್ಲಿನ ನಾಗರಿಕರು, ನಗರಾಡಳಿತದವರು ಕೂತು ಮಾತಾಡಿ 1995ರಲ್ಲೇ ಒಂದು ಯೋಜನೆ ಪುಸ್ತಕ ಮಾಡಿದರು. ಅದರ ಹೊದಿಕೆ ಹಸಿರು. ಜನ ಇವತ್ತಿಗೂ ‘ಹಸಿರು ಪುಸ್ತಕ’ ಅಂತಲೇ ಕರೆಯುತ್ತಾರೆ. ಸುಮಾರು 1,100 ಎಕರೆ ಉದ್ಯಾನ, ಬಯಲು, ಹಳ್ಳದ ದಂಡೆಗೆ ಬಿಟ್ಟು, ಉಳಿದದ್ದರಲ್ಲಿ ಮನೆ, ಅಂಗಡಿ, ಶಾಲೆ ಅಂತ ನಕ್ಷೆ ಹಾಕಿದರು. ಮೊದಲ ಮನೆಗಳಿಗೆ ಜನ ಬಂದದ್ದು 2002ರಲ್ಲಿ. ನಿಮ್ಮ ಮಗ ನೋಡಿದ ಮನೆ ಅದಾದ ಮೇಲಿನದು. ಹಳೇ ಕಂಟ್ರೋಲ್ ಟವರ್ ಇನ್ನೂ ನಿಂತಿದೆ. ಮೊಮ್ಮಗಳಿಗೆ ತೋರಿಸಿ.

ಈಗ ನಿಮ್ಮ ಹೆದರಿಕೆಗಳಿಗೆ ಬರೋಣ. ಮತ್ತೆ ನಿಲ್ದಾಣ ಆಗುತ್ತದೆಯೇ ಅನ್ನುವುದನ್ನು ಮೊದಲು ಮುಗಿಸಿಬಿಡುತ್ತೇನೆ. ಆಗುವುದಿಲ್ಲ. ಎಚ್‌ಎಎಲ್ ನಿಲ್ದಾಣದಲ್ಲಿ 2008ರ ಮೇ ತಿಂಗಳಲ್ಲಿ ನಿಂತದ್ದು ಸಾಮಾನ್ಯ ಪ್ರಯಾಣಿಕರ ವಿಮಾನ ಸೇವೆ ಮಾತ್ರ. ರನ್‌ವೇ ಹಾಗೇ ಇದೆ, ಇವತ್ತಿಗೂ ಅಲ್ಲಿ ವಿಮಾನ ಹಾರುತ್ತವೆ. ಅದಕ್ಕೇ ಮತ್ತೆ ತೆರೆಯಿರಿ ಅನ್ನುವ ಮಾತು ಬರುತ್ತದೆ. ಸ್ಟೇಪಲ್‌ಟನ್‌ನ ರನ್‌ವೇಗಳನ್ನು ಒಡೆದು ಜಲ್ಲಿ ಮಾಡಿದ್ದಾರೆ. 60 ಲಕ್ಷ ಟನ್ನಿಗೂ ಜಾಸ್ತಿ ಕಾಂಕ್ರೀಟು ಪುಡಿಯಾಗಿ ಸುತ್ತಲಿನ ರಸ್ತೆಗಳ ಕೆಳಗೆ ಹೋಗಿದೆ. ಮೇಲೆ ಸಾವಿರಾರು ಮನೆ ಎದ್ದಿವೆ. ಹೊಸ ನಿಲ್ದಾಣದ ಹತ್ತಿರ ಇನ್ನೂ ರನ್‌ವೇ ಹಾಕಲು ಜಾಗವೂ ಇದೆ.

ವಿಮಾನ ಬಿದ್ದದ್ದು ನಿಜ. 1987ರ ನವೆಂಬರ್ 15ರಂದು, ಹಿಮ ಸುರಿಯುವಾಗ ಮೇಲೇಳುತ್ತಿದ್ದ ವಿಮಾನವೊಂದು ಮಗುಚಿ ಬಿತ್ತು. ಒಳಗಿದ್ದ 82 ಜನರಲ್ಲಿ 28 ಜನ ತೀರಿಕೊಂಡರು. ರೆಕ್ಕೆಗೆ ಕಟ್ಟಿದ್ದ ಹಿಮ ಅದಕ್ಕೆ ಒಂದು ಮುಖ್ಯ ಕಾರಣ. ದುಃಖದ ಸಂಗತಿ, ಅದನ್ನು ಹಗುರವಾಗಿ ಮಾತಾಡಲಾರೆ. ಆದರೆ ಅದು ಬಿದ್ದದ್ದು ನಿಲ್ದಾಣದ ವಿಶಾಲ ಬಯಲಿನ ಒಂದು ಕಡೆ. ಅದರಿಂದ ಮಣ್ಣಿಗೆ, ಮಗುವಿನ ಆರೋಗ್ಯಕ್ಕೆ ಏನೂ ಇಲ್ಲ. ಮನಸ್ಸಿಗೆ ಕಷ್ಟ ಅನಿಸಿದರೆ ಗೃಹಪ್ರವೇಶದ ದಿನ ಅವರಿಗೂ ಒಂದು ದೀಪ ಹಚ್ಚಿ. ನಾನಾದರೆ ಹಾಗೇ ಮಾಡುತ್ತಿದ್ದೆ.

ವಿಷಾನಿಲದ ಕಾರ್ಖಾನೆಯೂ ನಿಜ. ರಾಕಿ ಮೌಂಟನ್ ಆರ್ಸೆನಲ್ ಅಂತ ಅದರ ಹೆಸರು, ನಿಲ್ದಾಣದ ಉತ್ತರಕ್ಕೆ. 1942ರಲ್ಲಿ ಸೇನೆ ಶುರುಮಾಡಿತು. ಯುದ್ಧಕ್ಕೆ ರಾಸಾಯನಿಕ ಅಸ್ತ್ರ, ಆಮೇಲೆ ಅಲ್ಲೇ ಖಾಸಗಿ ಕಂಪನಿಗಳಿಂದ ಕೀಟನಾಶಕ. ಅಂತರ್ಜಲ ಕೆಟ್ಟು ಪಕ್ಕದ ಹೊಲದ ಬೆಳೆ ಹಾಳಾದದ್ದೂ ಇದೆ. 1987ರಲ್ಲಿ ಅದು ದೇಶದ ಅತಿ ಕೆಟ್ಟ ಜಾಗಗಳ ಪಟ್ಟಿಗೆ ಸೇರಿತು. ಮಣ್ಣಿನ ಶುದ್ಧೀಕರಣ 2010ರ ಹೊತ್ತಿಗೆ ಮುಗಿಯಿತು. ಅಂತರ್ಜಲವನ್ನು ಮೇಲೆತ್ತಿ ಶುದ್ಧ ಮಾಡುವ ಕೆಲಸ ಆಮೇಲೂ ನಡೆದಿದೆ. ಹೆಚ್ಚಿನ ಭಾಗ ಈಗ ವನ್ಯಜೀವಿ ಧಾಮ, 2007ರಿಂದ ನಮ್ಮ ಕಾಡೆಮ್ಮೆಯ ಹಾಗೆ ಕಾಣುವ ಬೈಸನ್‌ಗಳು ಅಲ್ಲಿ ಮೇಯುತ್ತಿವೆ. ನಿಮಗೆ ಮುಖ್ಯವಾದ ಮಾತು ಏನೆಂದರೆ, ಅಲ್ಲಿನ ಅಂತರ್ಜಲದ ಇಳಿಜಾರು ಉತ್ತರ, ವಾಯವ್ಯದ ಕಡೆಗೆ. ಬಡಾವಣೆ ಇರುವುದು ದಕ್ಷಿಣಕ್ಕೆ. ಅಲ್ಲಿನ ನೀರು ಇತ್ತ ಹರಿದು ಬರುವುದಿಲ್ಲ. ಆದರೂ ಒಂದು ಎಚ್ಚರ ಇರಲಿ. ಉತ್ತರದ ರನ್‌ವೇಗಳಿಗೆ ಆರ್ಸೆನಲ್ ಕಡೆಯ ಜಾಗವನ್ನೂ ತಗೊಂಡಿದ್ದರು. ಮನೆ ನಾನು ಮೊದಲು ಹೇಳಿದ ಹೆದ್ದಾರಿಯ ಉತ್ತರಕ್ಕಿದ್ದರೆ ಕಾಗದಪತ್ರವನ್ನು ಇನ್ನಷ್ಟು ಗಮನವಿಟ್ಟು ಓದಬೇಕು.

ಉಳಿದದ್ದು ಎಣ್ಣೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನನ್ನ ಕೆಲಸವೇ ಇದು.

ಜೆಟ್ ವಿಮಾನಕ್ಕೆ ಹಾಕುವ ಇಂಧನ ಹೆಚ್ಚುಕಡಿಮೆ ನಮ್ಮ ಸೀಮೆಎಣ್ಣೆಯೇ. ನೆಲಕ್ಕೆ ಸೋರಿದರೆ ಕೆಳಗಿಳಿದು ಅಂತರ್ಜಲದ ಮೇಲೆ ತೇಲುತ್ತದೆ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಮಣ್ಣಲ್ಲೇ ಇವೆ. ಗಾಳಿ ಊದಿದರೆ ಅವು ಇನ್ನೂ ಬೇಗ ತಿನ್ನುತ್ತವೆ. ಸೋರಿದ ಜಾಗ ಗೊತ್ತಾದರೆ ಮಣ್ಣು ಅಗೆದು ಸಾಗಿಸುತ್ತಾರೆ. ಅಂದರೆ ಸೀಮೆಎಣ್ಣೆ ಹಠಮಾರಿ ಅಲ್ಲ, ಶುದ್ಧ ಮಾಡಬಹುದು. ರೆಕ್ಕೆಯ ಹಿಮ ಕರಗಿಸಲು ಸುರಿಯುವ ಗ್ಲೈಕಾಲ್ ಇನ್ನೂ ಬೇಗ ಕರಗಿಹೋಗುತ್ತದೆ. ಆದರೆ ಅದು ಹಳ್ಳ, ಕೆರೆ ಸೇರಿದರೆ ನೀರಿನ ಆಮ್ಲಜನಕವನ್ನೆಲ್ಲ ಹೀರಿ ಮೀನು ಸಾಯಿಸುತ್ತದೆ. ನಿಲ್ದಾಣದ ಬೇಲಿಯೊಳಗಿದ್ದ ಬ್ಲಫ್ ಲೇಕ್ ಅನ್ನುವ ಕೆರೆಗೆ ಇಂಥ ನೀರು ಹರಿದದ್ದಕ್ಕೆ ಪರಿಸರ ಸಂಘಟನೆಯವರು ಕೇಸು ಹಾಕಿದ್ದರು. ಆಮೇಲೆ ಅದನ್ನು ಸರಿಮಾಡಿದರು. ಈಗ ಮಕ್ಕಳನ್ನು ಹಕ್ಕಿ ನೋಡಲು ಕರೆದುಕೊಂಡು ಹೋಗುವ ಜಾಗ ಅದು. ರನ್‌ವೇ ಕೆಳಗೆ ಕೊಳವೆಯಲ್ಲಿ ಹೂತುಹಾಕಿದ್ದ ವೆಸ್ಟರ್ಲಿ ಹಳ್ಳವನ್ನೂ ಮತ್ತೆ ಬಿಸಿಲಿಗೆ ತೆರೆದಿದ್ದಾರೆ. ನಮ್ಮಲ್ಲಿ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯಿತು. ಮುಚ್ಚಿದ ನೀರನ್ನು ಅಲ್ಲಿ ಮತ್ತೆ ತೆರೆದದ್ದನ್ನು ಓದಿದಾಗ ನನಗೆ ನಿಜಕ್ಕೂ ಸಂತೋಷವಾಯಿತು.

ಹಠಮಾರಿಗಳು ಬೇರೆ ಇವೆ. ಹ್ಯಾಂಗರ್‌ಗಳಲ್ಲಿ, ಅಂದರೆ ವಿಮಾನ ನಿಲ್ಲಿಸಿ ರಿಪೇರಿ ಮಾಡುವ ದೊಡ್ಡ ಶೆಡ್ಡುಗಳಲ್ಲಿ, ಯಂತ್ರದ ಜಿಡ್ಡು ತೊಳೆಯಲು ಬಳಸುತ್ತಿದ್ದ ದ್ರಾವಕಗಳು ನೀರಿಗಿಂತ ಭಾರ. ಕೆಳಗಿಳಿದು ಕೂರುತ್ತವೆ, ದಶಕಗಟ್ಟಲೆ ಉಳಿಯುತ್ತವೆ, ಆವಿಯಾಗಿ ಮನೆಯ ತಳದ ಸಂದಿಯಿಂದ ಒಳಗೂ ಬರಬಹುದು. ಜೆಟ್ ಬರುವ ಮುಂಚಿನ ಪಿಸ್ಟನ್ ವಿಮಾನಗಳ ಪೆಟ್ರೋಲಿನಲ್ಲಿ ಸೀಸ ಇತ್ತು. ಸೀಸ ಮೇಲ್ಮಣ್ಣಿನಲ್ಲೇ ನಿಲ್ಲುತ್ತದೆ, ಸಣ್ಣ ಮಕ್ಕಳಿಗೆ ಅದು ಒಳ್ಳೆಯದಲ್ಲ. ಬೆಂಕಿ ಆರಿಸಲು ವಿಮಾನ ನಿಲ್ದಾಣಗಳಲ್ಲಿ ಬಳಸುತ್ತಿದ್ದ ನೊರೆಯಲ್ಲಿ ಪಿಎಫ್‌ಎಎಸ್ ಅನ್ನುವ ರಾಸಾಯನಿಕಗಳಿರುತ್ತವೆ. ಅವು ತಾವಾಗಿ ಕೊಳೆಯುವುದೇ ಇಲ್ಲ ಅನ್ನಬಹುದು. ಅವುಗಳ ಬಗ್ಗೆ ಲೋಕಕ್ಕೆ ಎಚ್ಚರ ಬಂದದ್ದು ಸ್ಟೇಪಲ್‌ಟನ್ ಮುಚ್ಚಿದ ಎಷ್ಟೋ ವರ್ಷದ ಮೇಲೆ. ಹಳೇ ವರದಿಗಳಲ್ಲಿ ಅದನ್ನು ಹುಡುಕಿರುವ ಸಂಭವ ಕಡಿಮೆ. ಹಾಗಾಗಿ ಇದನ್ನು ಬೇರೆಯಾಗಿಯೇ ಕೇಳಬೇಕು.

ಈ ಎಲ್ಲವೂ 4,700 ಎಕರೆಯಲ್ಲಿ ಸಮನಾಗಿ ಹರಡಿರುವುದಿಲ್ಲ ಅನ್ನುವುದನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ವಿಮಾನ ನಿಲ್ದಾಣದ ಬಹುಪಾಲು ಜಾಗ ಬರೀ ರನ್‌ವೇ, ಅದರ ನಡುವಿನ ಹುಲ್ಲು. ಅಲ್ಲಿ ಕೊರೆದು ನೋಡಿದರೆ ಸಾಮಾನ್ಯವಾಗಿ ಹೊಲದ ಮಣ್ಣೇ ಸಿಗುತ್ತದೆ. ತೊಂದರೆ ಇರುವುದು ಇಂಧನದ ಟ್ಯಾಂಕು, ನೆಲದಡಿಯ ಇಂಧನ ಕೊಳವೆ, ಹ್ಯಾಂಗರು, ಅಗ್ನಿಶಾಮಕದವರು ತಾಲೀಮು ಮಾಡುತ್ತಿದ್ದ ಜಾಗ, ಇಂಥ ಕಡೆ. ಅದಕ್ಕೇ ಮಗ ಕೇಳಬೇಕಾದದ್ದು ‘ಇಲ್ಲಿ ವಿಮಾನ ನಿಲ್ದಾಣ ಇತ್ತಾ’ ಅಂತ ಅಲ್ಲ. ‘ನನ್ನ ಮನೆ ಕೂತಿರುವ ಈ ತುಂಡು ನೆಲದಲ್ಲಿ ಏನಿತ್ತು, ಯಾರು ಪರೀಕ್ಷೆ ಮಾಡಿದರು, ಎಲ್ಲಿ ಬರೆದಿದ್ದಾರೆ’ ಅಂತ. ಹಳೇ ವೈಮಾನಿಕ ಚಿತ್ರದ ಮೇಲೆ ಇವತ್ತಿನ ನಕ್ಷೆ ಇಟ್ಟು ನೋಡಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಅಂತರ್ಜಾಲದಲ್ಲಿ ಹಳೇ ಚಿತ್ರಗಳು ಸಿಗುತ್ತವೆ. ಒಂದು ಸಂಜೆಯ ಕೆಲಸ ಅಷ್ಟೇ.

ಕಾಗದಪತ್ರ ಕೊಲರಾಡೊ ರಾಜ್ಯದ ಆರೋಗ್ಯ ಮತ್ತು ಪರಿಸರ ಇಲಾಖೆಯಲ್ಲಿ ಕೇಳಬೇಕು. ಒಂದು ಜಾಗ ಶುದ್ಧವಾದ ಮೇಲೆ ‘ಇನ್ನು ಇಲ್ಲಿ ಏನೂ ಮಾಡಬೇಕಿಲ್ಲ’ ಅಂತ ಅಂಥ ಇಲಾಖೆಗಳು ಪತ್ರ ಕೊಡುತ್ತವೆ. ಆ ಪತ್ರದಲ್ಲಿ ಮನೆ ಮಟ್ಟಕ್ಕೆ ಶುದ್ಧವೋ, ಅಂಗಡಿ ಮಟ್ಟಕ್ಕೆ ಮಾತ್ರವೋ ಅಂತ ನೋಡಲಿ. ಎರಡಕ್ಕೂ ಅಳತೆ ಬೇರೆ. ದಿನಕ್ಕೆ ಎಂಟು ಗಂಟೆ ಟೈಲ್ಸ್ ಮೇಲೆ ನಿಲ್ಲುವ ಅಂಗಡಿಯವರಿಗೆ ಸಾಕು ಅನ್ನುವುದು ಮಣ್ಣು ಬಾಯಿಗಿಡುವ ಮಗುವಿಗೆ ಸಾಲದು. ‘ಅಂತರ್ಜಲ ಬಳಸಬಾರದು’, ‘ಇಷ್ಟು ಆಳಕ್ಕಿಂತ ಜಾಸ್ತಿ ಅಗೆಯಬಾರದು’ ಅಂಥ ಷರತ್ತು ಕ್ರಯಪತ್ರದ ಜೊತೆ ಇದೆಯೇ ಅಂತಲೂ ನೋಡಬೇಕು. ಹುಡುಕುವಾಗ ಹಳೇ ಹೆಸರು ಬಳಸಲಿ. ಮೇಯರ್ ಸ್ಟೇಪಲ್‌ಟನ್ ಕರಿಯರನ್ನು ದ್ವೇಷಿಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಸಂಘಟನೆಯ ಸದಸ್ಯರಾಗಿದ್ದರು. ಆ ಹೆಸರು ಬೇಡ ಅಂತ ನಿವಾಸಿಗಳು ವರ್ಷಗಟ್ಟಲೆ ಹೋರಾಡಿ 2020ರಲ್ಲಿ ಬದಲಾಯಿಸಿದರು. ಮಾಡಬೇಕಾದದ್ದನ್ನೇ ಮಾಡಿದರು. ಆದರೆ ಅದಕ್ಕಿಂತ ಹಿಂದಿನ ವರದಿಗಳಲ್ಲೆಲ್ಲ ಸ್ಟೇಪಲ್‌ಟನ್ ಅಂತಲೇ ಇರುತ್ತದೆ. ‘ಸೆಂಟ್ರಲ್ ಪಾರ್ಕ್’ ಅಂತ ಹುಡುಕಿ ಏನೂ ಸಿಗಲಿಲ್ಲ ಅಂತ ಸಮಾಧಾನ ಪಟ್ಟುಕೊಳ್ಳಬಾರದು.

ಕಾಗದ ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಅಲ್ಲೇ ಹತ್ತಿರ ಲೋರಿ ಅನ್ನುವ ವಾಯುಪಡೆ ನೆಲೆ 1994ರಲ್ಲಿ ಮುಚ್ಚಿ ಬಡಾವಣೆಯಾಯಿತು. ಜನ ವಾಸಕ್ಕೆ ಬಂದ ಮೇಲೆ, 2003ರಲ್ಲಿ, ಅದರ ಒಂದು ಭಾಗದ ಮಣ್ಣಲ್ಲಿ ಕಲ್ನಾರಿನ (ಆಸ್‌ಬೆಸ್ಟಾಸ್) ಚೂರು ಸಿಕ್ಕಿತು. ಹಿಂದೆ ಕೆಡವಿದ್ದ ಕಟ್ಟಡಗಳ ಅವಶೇಷ ಮಣ್ಣಲ್ಲೇ ಬೆರೆತು ಉಳಿದಿತ್ತು. ಆಮೇಲೆ ಅಗೆದು ಸರಿಮಾಡಿದರು, ಬಡಾವಣೆ ಇವತ್ತು ಚೆನ್ನಾಗಿಯೇ ಇದೆ. ಆದರೆ ಮಕ್ಕಳು ಆಡುವ ಅಂಗಳವನ್ನು ಅಗೆಯುವಾಗ ಆ ತಾಯಿ ತಂದೆಯರಿಗೆ ಹೇಗನಿಸಿರಬೇಕು, ಅಲ್ವಾ? ಬೇರೆ ಊರಲ್ಲಿ ನಾನೇ ಅಂಥ ಒಂದು ಅಂಗಳದಲ್ಲಿ ನಿಂತಿದ್ದೇನೆ. ಮೊದಲು ಅಲ್ಲಿ ಲೋಹಕ್ಕೆ ಲೇಪನ ಹಾಕುವ ಶೆಡ್ಡು ಇತ್ತು ಅಂತ ಮಾರಿದವರು ಹೇಳಿರಲಿಲ್ಲ, ಕೊಂಡವರು ಕೇಳಿರಲಿಲ್ಲ. ಆ ಮನೆಯ ಅಜ್ಜಿ ಹಾಕಿದ್ದ ದಂಟಿನ ಸೊಪ್ಪನ್ನು ಕಿತ್ತು ಹಾಕಿಸಬೇಕಾಯಿತು.

ಕುಡಿಯುವ ನೀರಿನ ಚಿಂತೆ ಬೇಡ. ಡೆನ್ವರ್‌ಗೆ ನೀರು ಬರುವುದು ಬೆಟ್ಟದ ಮೇಲಿನ ಹಿಮ ಕರಗಿ ತುಂಬುವ ಜಲಾಶಯಗಳಿಂದ, ಮನೆಯ ಕೆಳಗಿನ ಅಂತರ್ಜಲದಿಂದ ಅಲ್ಲ. ಆದರೆ ಆ ಬಡಾವಣೆಯ ಉದ್ಯಾನಗಳ ಹುಲ್ಲಿಗೆ ಶುದ್ಧೀಕರಿಸಿದ ಮರುಬಳಕೆ ನೀರು ಬಿಡುತ್ತಾರೆ. ಕುಡಿಯಬೇಡಿ ಅಂತ ಬೋರ್ಡು ಇರುತ್ತದೆ. ಸ್ಪ್ರಿಂಕ್ಲರ್ ಕಂಡರೆ ಬಾಯಿ ತೆರೆಯುವ ವಯಸ್ಸು ಮೊಮ್ಮಗಳದು, ಸುಮ್ನೆ ಒಂದು ಕಣ್ಣಿಡಿ.

ನೀವು ಕೇಳದೇ ಇರುವ ಒಂದು ಅಪಾಯದ ಬಗ್ಗೆ ನಾನೇ ಹೇಳಬೇಕು. ಕೊಲರಾಡೊದ ಮನೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ರೇಡಾನ್ ಅನಿಲ ಮಿತಿಗಿಂತ ಜಾಸ್ತಿ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬಂಡೆ, ಮಣ್ಣಿನಿಂದ ತಾನಾಗಿ ಬರುವ ಅನಿಲ, ವಿಮಾನ ನಿಲ್ದಾಣಕ್ಕೂ ಇದಕ್ಕೂ ಸಂಬಂಧವಿಲ್ಲ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. ಆ ಮನೆಯಲ್ಲಿ ನೆಲಮಾಳಿಗೆ ಇದ್ದರೆ, ಮಗು ಅಲ್ಲಿ ಆಡುವುದಿದ್ದರೆ, ನನ್ನ ಮೊದಲ ಪರೀಕ್ಷೆ ಇದೇ. 2023ರಿಂದ ಅಲ್ಲಿ ಮನೆ ಮಾರುವವರು ರೇಡಾನ್ ಬಗ್ಗೆ ಗೊತ್ತಿರುವುದನ್ನು ಬರೆದು ಕೊಡಬೇಕು ಅಂತ ಕಾನೂನೇ ಆಗಿದೆ. ಜಾಸ್ತಿ ಇದ್ದರೂ ಹೆದರಬೇಕಿಲ್ಲ. ತಳದಿಂದ ಒಂದು ಪೈಪು, ಒಂದು ಫ್ಯಾನು ಹಾಕಿ ಹೊರಗೆ ಬಿಟ್ಟರೆ ಕಡಿಮೆಯಾಗುತ್ತದೆ. ಮನೆಯ ಬೆಲೆಯ ಮುಂದೆ ಅದು ಸಣ್ಣ ಖರ್ಚು.

ಇನ್ನೊಂದು, ತೆರಿಗೆ. ರನ್‌ವೇ ಒಡೆದು ರಸ್ತೆ, ಚರಂಡಿ, ಉದ್ಯಾನ ಮಾಡಲು ಸಾಲ ಎತ್ತಿದ್ದರು. ಅದನ್ನು ತೀರಿಸಲು ಅಲ್ಲಿನ ಮನೆಗಳ ಮೇಲೆ, ಇಂಥ ಕೆಲಸಕ್ಕೆಂದೇ ಮಾಡಿದ ‘ವಿಶೇಷ ಜಿಲ್ಲೆ’ ಅನ್ನುವ ಸ್ಥಳೀಯ ಸಂಸ್ಥೆಯ ಹೆಚ್ಚುವರಿ ತೆರಿಗೆ ಬೀಳುತ್ತದೆ. ಬಡಾವಣೆ ಸಂಘದ ಶುಲ್ಕ ಬೇರೆ. ಒಂದೇ ಬೆಲೆಯ ಮನೆಗೆ ಪಕ್ಕದ ಬಡಾವಣೆಗಿಂತ ಇಲ್ಲಿ ವರ್ಷದ ಖರ್ಚು ಜಾಸ್ತಿ ಬರಬಹುದು. ಮಗ ಬರೀ ಸಾಲದ ಕಂತು ನೋಡಿ ಲೆಕ್ಕ ಹಾಕಬಾರದು, ಹಿಂದಿನ ವರ್ಷದ ತೆರಿಗೆ ರಸೀದಿ ಕೇಳಿ ನೋಡಲಿ.

ಹಾಗಾದರೆ ತಗೊಳ್ಳಬೇಕೋ ಬೇಡವೋ? ನನ್ನ ಮಗನೇ ಆಗಿದ್ದರೆ, ಪರೀಕ್ಷೆ ಮಾಡಿಸಿ ತಗೋ ಅನ್ನುತ್ತಿದ್ದೆ. ‘ಈ ರಗಳೆಯೇ ಬೇಡ, ಪಕ್ಕದ ಹಳೇ ಬಡಾವಣೆಯಲ್ಲಿ ತಗೊಳ್ಳಲಿ’ ಅಂತ ನಿಮಗೆ ಅನಿಸಬಹುದು. ಪಾರ್ಕ್ ಹಿಲ್‌ನಂಥ ಕಡೆ ದೊಡ್ಡ ಮರಗಳು, ಚಂದದ ಹಳೇ ಮನೆಗಳು. ಆದರೆ 1978ಕ್ಕಿಂತ ಹಿಂದಿನ ಮನೆಯ ಗೋಡೆಯಲ್ಲಿ ಸೀಸದ ಬಣ್ಣ ಇರಬಹುದು. ಇನ್ನೂ ಹಳೇದಾದರೆ ರಸ್ತೆಯಿಂದ ಮನೆಗೆ ಬರುವ ನೀರಿನ ಕೊಳವೆಯೇ ಸೀಸದ್ದಿರಬಹುದು. ಡೆನ್ವರ್ ನೀರು ಸರಬರಾಜಿನವರು 2020ರಿಂದ ಅಂಥ ಕೊಳವೆ ಬದಲಾಯಿಸುತ್ತಾ ಬಂದಿದ್ದಾರೆ. ಮೂರು ವರ್ಷದ ಮಗುವಿಗೆ ಆ ಸೀಸ, ಚೆನ್ನಾಗಿ ಪರೀಕ್ಷೆಯಾದ ರನ್‌ವೇ ಮಣ್ಣಿಗಿಂತ ಹೆಚ್ಚಿನ ಅಪಾಯ. ವರ್ಷ ಬಾಡಿಗೆಗಿದ್ದು ನೋಡುವುದೂ ಒಂದು ದಾರಿ. ಅಷ್ಟರಲ್ಲಿ ಬೆಲೆ ಏರಬಹುದು, ಇಳಿಯಲೂಬಹುದು, ಆ ಮಾತು ನನ್ನದಲ್ಲ. ಈ ತುಂಡು ನೆಲದಲ್ಲಿ ಹ್ಯಾಂಗರೋ ಟ್ಯಾಂಕೋ ಇತ್ತು, ಪತ್ರ ಸಿಗುತ್ತಿಲ್ಲ, ಮಾರುವವರು ಮಾತು ಹಾರಿಸುತ್ತಾರೆ ಅಂತಾದರೆ ಮಾತ್ರ ಬಿಟ್ಟುಬಿಡಲಿ. ಅದೇ ಬಡಾವಣೆಯಲ್ಲಿ ಬೇರೆ ಮನೆ ಸಿಗುತ್ತದೆ.

ಅಲ್ಲಿನ ಖರೀದಿ ಕರಾರಿನಲ್ಲಿ ತಪಾಸಣೆಗೆ ಆಕ್ಷೇಪ ಹೇಳಲು ಒಂದು ಕೊನೆಯ ದಿನ ಬರೆದಿರುತ್ತದೆ. ಅದರೊಳಗೆ ರೇಡಾನ್ ಪರೀಕ್ಷೆ, ಹಿತ್ತಲಿನ ಮೂರ್ನಾಲ್ಕು ಕಡೆಯ ಮೇಲ್ಮಣ್ಣಿನ ಸೀಸದ ಪರೀಕ್ಷೆ ಎರಡೂ ಮುಗಿಯಬೇಕು. ಹ್ಯಾಂಗರ್ ಹತ್ತಿರದ ಜಾಗವಾದರೆ ಮನೆ ತಳದ ಆವಿಯ ಪರೀಕ್ಷೆಯೂ ಬೇಕು. ಆ ದಿನ ದಾಟಿದರೆ ಮಾತಾಡುವ ಬಲ ಹೋಗುತ್ತದೆ.

ಇನ್ನು ನಿಮ್ಮ ಸೊಪ್ಪು. ಮಣ್ಣಿನ ವರದಿ ಹೇಗೇ ಬರಲಿ, ನೆಲಕ್ಕೆ ನೇರವಾಗಿ ಹಾಕಬೇಡಿ. ಮರದ ಹಲಗೆಯಲ್ಲಿ ಮೊಣಕಾಲೆತ್ತರದ ಮಡಿ ಮಾಡಿಸಿ, ಹೊರಗಿನ ಮಣ್ಣು, ಗೊಬ್ಬರ ತುಂಬಿಸಿ. ಡೆನ್ವರ್ ಸುತ್ತಮುತ್ತ ಬಹಳ ಕಡೆ ನೆಲ ಅಂಟು ಜೇಡಿ, ಸೊಪ್ಪಿಗೆ ಅಷ್ಟಾಗಿ ಹಿಡಿಸುವುದಿಲ್ಲ. ನಿಮಗೆ ಬಗ್ಗುವ ಕಷ್ಟವೂ ತಪ್ಪುತ್ತದೆ. ಮೊಮ್ಮಗಳಿಗೆ ಬೇರೆ ಒಂದು ಮರಳಿನ ಪೆಟ್ಟಿಗೆ ಮಾಡಿಸಿಕೊಡಿ. ಅಲ್ಲಿ ಮೇ ತಿಂಗಳ ನಡುವಿನವರೆಗೂ ಇಬ್ಬನಿ ಹೆಪ್ಪುಗಟ್ಟುತ್ತದೆ. ಮೆಂತ್ಯ, ಪಾಲಕ್ ಸ್ವಲ್ಪ ಚಳಿ ತಡೆಯುತ್ತವೆ. ಬಸಳೆ ತಡೆಯುವುದಿಲ್ಲ, ಅದನ್ನು ಜೂನ್‌ನಲ್ಲಿ ಹಚ್ಚಿ. ಟಿಕೆಟ್ ಮಾಡಿಸುವಾಗ ಅದನ್ನೂ ನೋಡಿಕೊಳ್ಳಿ.

ರೇಡಾನ್ ಮತ್ತು ಮಣ್ಣಿನ ವರದಿ ಬಂದ ಮೇಲೆ ಮಗನಿಗೆ ಹೇಳಿ ನನಗೂ ಕಳಿಸಿ. ಓದಿ, ಯಾವ ಅಂಕಿಗೆ ಏನರ್ಥ ಅಂತ ಬರೆದು ತಿಳಿಸುತ್ತೇನೆ.